ಶಾಲೆಯ ಹಿಂದೆ ನಾನು ನೋಡದ ಹುಡುಗರು

ಸುಮನಾ, ಆ ಶಾಲೆಯ ಹಿಂದೆ ನಾನು ಯಾವ ಹುಡುಗರನ್ನೂ ನೋಡಿರಲಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಂಡವರು ಇರಲಿಲ್ಲ, ಸಿಗರೇಟು ಸೇದುವವರು ಇರಲಿಲ್ಲ. ಪುಟ್ಟ ಹುಡುಗಿಯೊಬ್ಬಳ ಬ್ಯಾಗನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅವಳು ಅಳುತ್ತಾ ಓಡಲೂ ಇಲ್ಲ — ಅಂಥ ಹುಡುಗಿಯೇ ಇರಲಿಲ್ಲ. ಎಲ್ಲವನ್ನೂ ನಾನು ಕೂತಲ್ಲೇ ಹುಟ್ಟಿಸಿ ಹೇಳಿದೆ. ಟೋವಾ ಪಾಯೋದ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ಆ ತೆರೆದ ನೆಲಮಹಡಿಯ ಕಲ್ಲಿನ ಮೇಜಿನ ಮುಂದೆ, ನಿನ್ನ ಮುಖ ನೋಡಿಕೊಂಡೇ ಹೇಳಿದೆ. ನೀನು ನಂಬಿದೆ. ನಂಬದೆ ಇನ್ನೇನು ಮಾಡುತ್ತಿದ್ದೆ, ಹೇಳಿದವಳು ನಾನಲ್ಲವೇ.

ಅದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮಿಬ್ಬರ ಹೆಣ್ಣುಮಕ್ಕಳೂ ಒಂದನೇ ಕ್ಲಾಸಿಗೆ ಸೇರಬೇಕಾಗಿದ್ದ ವರ್ಷ. ಇಷ್ಟು ಕಾಲ ತುಟಿ ಬಿಚ್ಚದವಳು ಈಗ ಯಾಕೆ ಶುರುಮಾಡಿದಳು ಎಂದು ನಿನಗೆ ಅನ್ನಿಸಬಹುದು. ಮೊನ್ನೆ ಭಾನುವಾರ ನಿನ್ನ ನಿಧಿ ನನಗೆ ಫೋನ್ ಮಾಡಿದ್ದಳು. ಅವಳು ಕೇಳಿದ ಒಂದು ಮಾತಿಗೆ ಹೌಹಾರಿ ಕೂತವಳು ಇನ್ನೂ ಎದ್ದಿಲ್ಲ ಅಂತಲೇ ತಿಳಿದುಕೋ. ಆ ಮಾತಿಗೆ ಬರುತ್ತೇನೆ. ಮೊದಲು ಮಾಡಿದ್ದನ್ನು ಮಾಡಿದ ಹಾಗೇ ಹೇಳುತ್ತೇನೆ — ಎಲ್ಲಾದರೂ ನನ್ನ ಅನುಕೂಲಕ್ಕೆ ತಿರುಚಿದೆ ಅನ್ನಿಸಿದರೆ ಅಲ್ಲೇ ಹಿಡಿದು ನಿಲ್ಲಿಸು.

ನನ್ನ ಜಂಬ ನಿನಗೆ ಗೊತ್ತೇ ಇದೆ. ಮೈಸೂರಿನವಳು, ಮಾತು ಖಡಕ್ಕು, ಮೂಗು ಚುರುಕು. ಸಿಂಗಾಪುರಕ್ಕೆ ಬಂದಿಳಿದ ಯಾವ ಕನ್ನಡದ ಸಂಸಾರವಾದರೂ ಲಿಟಲ್ ಇಂಡಿಯಾಕ್ಕೆ ಹೋಗಿ ಕುಕ್ಕರ್ ಕೊಳ್ಳುವುದಕ್ಕಿಂತ ಮೊದಲು ನನಗೆ ಫೋನ್ ಮಾಡುತ್ತಿತ್ತು. ಯಾವ ಏರಿಯಾ ಒಳ್ಳೆಯದು, ಯಾವ ಸ್ಕೂಲು ಪರವಾಗಿಲ್ಲ? ನಮ್ಮ ಗುಂಪಿನ ಮಕ್ಕಳೆಲ್ಲ ನನಗೆ ಇಟ್ಟ ಹೆಸರೇ ಏರಿಯಾ ಆಂಟಿ. ಕೇಳಿಸಿದಾಗ ಕಣ್ಣು ಬಿಡುತ್ತಿದ್ದೆ, ಒಳಗೊಳಗೆ ಉಬ್ಬುತ್ತಿದ್ದೆ.

ನನ್ನ ಪದ್ಧತಿ ಹೀಗಿತ್ತು. ಮೊದಲು ಆ ಬ್ಲಾಕಿನ ಲಿಫ್ಟಿನೊಳಗೆ ನಿಂತು ಒಮ್ಮೆ ಉಸಿರೆಳೆದುಕೊಳ್ಳುವುದು. ಉಚ್ಚೆಯ ವಾಸನೆ ಬಂದರೆ ಬ್ಲಾಕಿನ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಹೊರಗೆ ಬಂದು ಕತ್ತೆತ್ತಿ, ಬಿದಿರಿನ ಗಳುಗಳ ಮೇಲೆ ಯಾವ ಬಟ್ಟೆ ಒಣಗುತ್ತಿದೆ ನೋಡುವುದು — ಆಫೀಸಿನ ಷರಟುಗಳೋ, ಕಾರ್ಖಾನೆಯ ನೀಲಿ ಅಂಗಿಗಳೋ. ಇನ್ನೂ ಕೆಲವು ಲೆಕ್ಕಗಳಿದ್ದವು, ಈಗ ಹೇಳಲು ನಾಲಿಗೆ ಏಳುವುದಿಲ್ಲ. ಪಕ್ಕದ ಬಾಗಿಲಿನಲ್ಲಿ ಯಾವ ದೇವರು, ಯಾರ ಮನೆಯಿಂದ ಯಾವ ಅಡಿಗೆಯ ವಾಸನೆ... ಅವನ್ನೂ ನೋಡುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು, ನಾನು ಬಾಯಿಬಿಟ್ಟು ಹೇಳುತ್ತಿದ್ದೆ ಅಷ್ಟೆ.

ಕೊನೆಗೆ ಶಾಲೆ. ಆಗ ಶಾಲೆಗಳಲ್ಲಿ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಒಂದು ಬಿಟ್ಟು ಇನ್ನೊಂದು ಸೇರುವ ಹೊತ್ತಿಗೆ ಸರಿಯಾಗಿ ಎದುರಿನ ಬಸ್ ಸ್ಟಾಪಿನಲ್ಲಿ ಕೂತು ಮಕ್ಕಳ ಬಿಳಿ ಕ್ಯಾನ್ವಾಸ್ ಶೂ ನೋಡುತ್ತಿದ್ದೆ. ಶೂ ಬೆಳ್ಳಗಿದ್ದರೆ ಮನೆಯಲ್ಲಿ ತಾಯಿ ಗಮನ ಕೊಡುತ್ತಾಳೆ. ದೊಡ್ಡವರು ಚಿಕ್ಕವರ ಕೈ ಹಿಡಿದು ರಸ್ತೆ ದಾಟಿಸಿದರೆ ಟೀಚರುಗಳು ಒಳ್ಳೆಯವರು. ಹೀಗೆ ಬಸ್ ಬರುವಷ್ಟರಲ್ಲಿ ತೀರ್ಪು ಕೊಟ್ಟುಬಿಡುತ್ತಿದ್ದೆ. ಒಂದು ಮಧ್ಯಾಹ್ನದ ಶೂಗಳನ್ನು ನೋಡಿ ಒಂದು ಊರಿನ ಮಕ್ಕಳನ್ನೆಲ್ಲ ಅಳೆದುಬಿಟ್ಟೆನಲ್ಲ, ಅದನ್ನು ಅಷ್ಟು ಓದಿದ ಜನ ಕೂತು ಕೇಳಿದರಲ್ಲ — ನೆನೆಸಿಕೊಂಡರೆ ದಿಗಿಲಾಗುತ್ತದೆ.

ನೀನು ಎಲ್ಲರಿಗಿಂತ ಹೆಚ್ಚು ಕೇಳಿದೆ. ನಾವು ಏಳನೆಯ ಮಹಡಿ, ನೀವು ನಾಲ್ಕನೆಯ ಮಹಡಿ. ಮನೆಯಲ್ಲಿ ನಿನ್ನ ಗಂಡ ಪ್ರಕಾಶನ ಹತ್ತಿರ ನೀನು ತುಳು, ನನ್ನ ಹತ್ತಿರ ನಮ್ಮ ಕಡೆಯ ಕನ್ನಡ. ಸಂತೋಷವೋ ಗಾಬರಿಯೋ ಆದಾಗ ಮಾತ್ರ ನಿನ್ನ ಬಾಯಲ್ಲಿ ಉಡುಪಿ ಜಾರಿ ಬೀಳುತ್ತಿತ್ತು. ಬೇರೆಯವರೆಲ್ಲ ಆಂಟಿ, ಮೇಡಂ ಅನ್ನುವಾಗ ನೀನೊಬ್ಬಳು ವಸಂತಕ್ಕ ಅಂದೆ. ನನ್ನ ಮೇಘನಾ, ನಿನ್ನ ನಿಧಿ ಒಂದೇ ಕಿಂಡರ್‌ಗಾರ್ಟನ್. ಮೇಘನಾ ಬಾಯಿ ಸತ್ತ ಮಗು, ನಿನಗೆ ನೆನಪಿರಬೇಕು. ಬಾತ್‌ರೂಮಿಗೆ ಹೋಗಬೇಕೆಂದರೂ ಟೀಚರನ್ನು ಕೇಳುತ್ತಿರಲಿಲ್ಲ. ನಿಧಿಯ ತೋಳು ಹಿಂಡುತ್ತಿದ್ದಳು, ನಿಧಿ ಎದ್ದು ನಿಂತು, "ಟೀಚರ್, ಮೇಘನಾ ವಾಂಟ್ ಟಾಯ್ಲೆಟ್ ಲಾ," ಅನ್ನುತ್ತಿದ್ದಳು. ಅದನ್ನು ಹೇಳಿಕೊಂಡು ನಾವಿಬ್ಬರೂ ಎಷ್ಟು ನಕ್ಕಿದ್ದೇವೆ.

ಬಿಶಾನ್ ಕಡೆ, ಕಾಲುವೆಯ ಪಕ್ಕದ ಆ ಶಾಲೆಯನ್ನು ಹುಡುಕಿದ್ದು ನಾನೇ. ನಾನು ನೋಡಿದ ಶಾಲೆಗಳಲ್ಲೆಲ್ಲ ಅದೇ ಒಳ್ಳೆಯದು, ಇವತ್ತಿಗೂ ಆ ಮಾತಿಗೆ ನಾನು ಬದ್ಧ. ಒಂದು ಕಿಲೋಮೀಟರಿನೊಳಗೆ ಮನೆ ಇದ್ದವರಿಗೆ ಮೊದಲ ಅವಕಾಶ; ಅದಕ್ಕೂ ಜನ ಹೆಚ್ಚಾದರೆ ಶಾಲೆಯಲ್ಲೇ ಎಲ್ಲರ ಮುಂದೆ ಬ್ಯಾಲೆಟ್, ಚೀಟಿ ಎತ್ತುವುದು. ಅದಕ್ಕೇ ನಾವು ಹತ್ತಿರದ ಬ್ಲಾಕಿನಲ್ಲಿ ಫ್ಲಾಟ್ ನೋಡಿ ಅಡ್ವಾನ್ಸ್ ಕೊಟ್ಟುಬಿಟ್ಟೆವು. ಒಂದು ದಿನ ನೀನು ಆಫೀಸಿನಲ್ಲಿದ್ದೆ. ನಾನು ಎರಡೂ ಮಕ್ಕಳನ್ನು ಕರೆದುಕೊಂಡು ಶಾಲೆ ತೋರಿಸಲು ಹೋದೆ. ಗೇಟಿನ ಪಕ್ಕದ ಬೇಲಿಗೆ ಒಳಗಡೆಯಿಂದ ಒಂದು ದೊಡ್ಡ ಹಲಗೆ ಕಟ್ಟಿದ್ದರು. ನಿಧಿ ನಿಂತವಳೇ ಅದನ್ನು ಗಳಗಳ ಓದಿಬಿಟ್ಟಳು, ಇಷ್ಟುದ್ದದ ಪದಗಳನ್ನೂ. ಮೇಘನಾ ಮೊದಲನೆಯ ಅಕ್ಷರದಲ್ಲೇ ನಿಂತಳು. ಆಮೇಲೆ ಅಲ್ಲಿ ಏನಾಯಿತು ಎಂಬುದನ್ನು ನಾನು ಇಷ್ಟು ವರ್ಷ ನೆನಪಿಗೆ ತಂದುಕೊಂಡಿಲ್ಲ. ನನಗೆ ನೆನಪಿದ್ದದ್ದು ಮಕ್ಕಳಿಬ್ಬರನ್ನೂ ಎಳೆದುಕೊಂಡು ಬಸ್ ಸ್ಟಾಪಿಗೆ ನಡೆದದ್ದು ಮಾತ್ರ.

ಅದಾದ ಸ್ವಲ್ಪ ದಿನಕ್ಕೆ ನೀನು ಸಂಜೆ ಆಫೀಸಿನಿಂದ ನೇರ ವಾಯ್ಡ್ ಡೆಕ್ಕಿಗೆ ಬಂದೆ. ಮಕ್ಕಳು ಕಂಬಗಳ ನಡುವೆ ಓಡಾಡಿಕೊಂಡಿದ್ದವು. ಚಪ್ಪಲಿ ಕಳಚಿ, ಕಲ್ಲಿನ ಸ್ಟೂಲಿನ ಮೇಲೆ ಕೂತು ನೀನು ಅಂದೆ:

"ಫ್ಲಾಟ್ ಸಿಕ್ತು ಅಕ್ಕ. ನಿಮ್ಮ ಹೊಸ ಬ್ಲಾಕಿನ ಆಚೆ ಬ್ಲಾಕೇ. ಇವರಿಗೆ ಜುರಾಂಗೇ ಆಗ್ಬೇಕಂತೆ, ಶಿಪ್‌ಯಾರ್ಡಿಗೆ ಹತ್ರ ಅಂತ. ನಾನು ಬಿಡ್ಲಿಲ್ಲ ಮಾರಾಯ್ರೆ. ವಸಂತಕ್ಕ ನೋಡಿದ ಏರಿಯಾ, ಕಣ್ಣು ಮುಚ್ಚಿ ಹೋಗ್ಬಹುದು ಅಂದೆ. ಇನ್ನೂ ಇಬ್ರಿಗೆ ಹೇಳಿದ್ದೇನೆ, ಅವರೂ ಬರ್ತಾರಂತೆ. ಎಲ್ಲ ಮಕ್ಕಳೂ ಒಂದೇ ಸ್ಕೂಲ್."

ಸಂತೋಷದಿಂದ ಹೇಳಿದೆ ನೀನು. ನನ್ನ ತಲೆಯಲ್ಲಿ ಮಾತ್ರ ಬ್ಯಾಲೆಟ್ಟಿನ ಡಬ್ಬಿ ತಿರುಗಲು ಶುರುವಾಯಿತು. ಒಂದು ಚೀಟಿ, ಎರಡು, ಮೂರು — ನಾನು ಹುಡುಕಿದ ಶಾಲೆಗೆ ಇವರೆಲ್ಲ ಬಂದು, ನನ್ನ ಮಗಳಿಗೇ ಸೀಟು ತಪ್ಪಿದರೆ?

"ಅಲ್ಲಾ ಸುಮನಾ," ಅಂದೆ, "ಹೇಳಬಾರದು ಅಂತಿದ್ದೆ. ನಿನ್ನೆ ಒಬ್ಳೇ ಆ ಕಡೆ ಹೋಗಿದ್ದೆ. ಸ್ಕೂಲಿನ ಹಿಂದೆ, ಕಾಲುವೆ ಹತ್ರ, ದೊಡ್ಡ ಹುಡುಗರ ಗ್ಯಾಂಗ್ ಒಂದು ಕೂತಿರುತ್ತೆ ಕಣೇ. ಕೂದಲಿಗೆಲ್ಲ ಬಣ್ಣ. ಮಧ್ಯಾಹ್ನದ ಪಾಳಿಗೆ ಬರ್ತಿದ್ದ ಸಣ್ಣ ಹುಡುಗೀನ ತಡೆದು ಬ್ಯಾಗ್ ಕಿತ್ಕೊಂಡ್ರು. ಪಾಪ, ಅಳ್ತಾ ಓಡ್ತು."

ಎಷ್ಟು ಸಲೀಸಾಗಿ ಬಂತು ಗೊತ್ತಾ ಅದು. ನನ್ನ ಮಾತು ಕೇಳಿ ನಾನೇ ಬೆಚ್ಚಿದೆ. ಆದರೆ ನಿಲ್ಲಲಿಲ್ಲ.

"ನೀವು ಮತ್ತೆ ಅಲ್ಲಿಗೇ ಹೋಗ್ತಿದ್ದೀರಲ್ಲ ಅಕ್ಕ?"

"ನಾವು ದುಡ್ಡು ಕೊಟ್ಟು ಸಿಕ್ಕಿಹಾಕ್ಕೊಂಡಿದ್ದೀವಿ. ನಾನಾದ್ರೆ ಮನೇಲಿರ್ತೀನಿ, ಕೈ ಹಿಡ್ಕೊಂಡು ಬಿಟ್ಟು ಕರ್ಕೊಂಡು ಬರ್ತೀನಿ. ನೀನು ಆಫೀಸಿಗೆ ಹೋಗೋಳು."

"ನಿಧಿಯೂ ನಿಮ್ಮ ಜೊತೆ ಬರ್ಬಹುದಲ್ಲ?"

ನೀನು ತಪ್ಪೇನೂ ಕೇಳಲಿಲ್ಲ. ಸುತ್ತಿನ ಯಾರ ಮನೆಯಲ್ಲಾದರೂ ಹಾಗೇ ನಡೆಯುತ್ತಿತ್ತು. ನಾನು ಬೇರೆಲ್ಲೋ ನೋಡುತ್ತಾ, "ಬರ್ಬಹುದು. ಆದ್ರೂ ಬೇರೆಯವರ ಮಗು ನೋಡು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ..." ಅಂದೆ.

ಬೇರೆಯವರ ಮಗು. ನಿಧಿ ನಮ್ಮ ಮನೆಯಲ್ಲಿ ಉಂಡು, ನಮ್ಮ ಮನೆಯಲ್ಲೇ ಮಲಗಿ ಬೆಳೆದವಳು. ನಿನ್ನ ಮುಖ ಸಣ್ಣಗಾದದ್ದನ್ನು ನೋಡಿದೆ. ಕೊನೆಗೆ ನೀನು ಒಂದೇ ಮಾತು ಕೇಳಿದೆ.

"ನಿಜವಾಗ್ಲೂ ನೋಡಿದ್ರಾ ಅಕ್ಕ?"

ಇಲ್ಲ ಅನ್ನಲು ಅದೇ ಕಡೆಯ ಅವಕಾಶ. ಯಾರೋ ಹೇಳಿದ್ದು, ಇರಬಹುದು, ಇಲ್ಲದೆಯೂ ಇರಬಹುದು — ಏನು ಅಂದಿದ್ದರೂ ನೀನು ಹೋಗಿ ನೋಡಿಕೊಂಡು ಬರುತ್ತಿದ್ದೆ. ನಾನು ಅಂದೆ, "ಕಣ್ಣಾರೆ ನೋಡಿದೆ."

ನೀನು ನನ್ನ ಕೈ ಹಿಡಿದುಕೊಂಡೆ. "ನೀವು ಹೇಳದಿದ್ರೆ ನಮಗೆ ಯಾರು ಹೇಳ್ತಿದ್ರು ಅಕ್ಕ," ಅಂದೆ. ನಿನ್ನ ಕೈ ಬೆವರಿತ್ತು. ಆ ಬೆವರು ನನ್ನ ಅಂಗೈಗೂ ಅಂಟಿತು, ಮನೆಗೆ ಹೋಗಿ ತೊಳೆದುಕೊಂಡೆ.

ಇಷ್ಟೇ ಆಗಿದ್ದರೆ ನಾನು ಹೇಗೋ ನನ್ನನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಸೀಟಿಗಾಗಿ ತಾಯಂದಿರು ಏನೇನೋ ಮಾಡುತ್ತಾರೆ ಎಂದುಕೊಳ್ಳುತ್ತಿದ್ದೆ. ಆದರೆ ಇಷ್ಟೇ ಆಗಲಿಲ್ಲ.

ಹೆಸರು ಕೊಡುವ ಕೊನೆಯ ದಿನ ಮಧ್ಯಾಹ್ನ ನಾನು ಶಾಲೆಯ ಆಫೀಸಿಗೆ ಹೋದೆ. ಬ್ಯಾಲೆಟ್ ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳಬೇಕಾಗಿತ್ತು. ದೇವರಿಗೆ ಹರಕೆ ಬೇರೆ ಹೊತ್ತಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ಮುಖವೆತ್ತಿ ನಕ್ಕು, "ನೋ ನೀಡ್ ಬ್ಯಾಲೆಟ್ ಲಾ, ಆಂಟಿ," ಅಂದಳು. ಈ ವರ್ಷ ಅಂದುಕೊಂಡಷ್ಟು ಜನ ಬರಲಿಲ್ಲವಂತೆ. ಮೇಘನಾ ಸೇರಿದಂತೆಯೇ ಲೆಕ್ಕ. ಇನ್ನೂ ಸೀಟು ಉಳಿದಿದೆ, ಮುಂದಿನ ಸುತ್ತಿನಲ್ಲಿ ದೂರದವರೂ ಬರಬಹುದು, ಗೊತ್ತಿರುವವರಿದ್ದರೆ ಹೇಳು ಅಂದಳು.

ನಾನು ಕೌಂಟರು ಹಿಡಿದು ನಿಂತೆ. ಸೀಟು ಉಳಿದಿದೆ. ಯಾರಿಂದಲೂ ಯಾರಿಗೂ ತಪ್ಪುತ್ತಿರಲಿಲ್ಲ. ನಾನು ಕಿತ್ತುಕೊಂಡದ್ದು ಯಾರೂ ಕೇಳದೆ ಬಿದ್ದಿದ್ದ ವಸ್ತುವನ್ನು. ಆ ಹೆಂಗಸು, "ಆಂಟಿ, ಯು ಓಕೆ ಆರ್ ನಾಟ್?" ಎಂದು ಕೇಳಿದಳು. ಬಿಸಿಲು ಅಂತೇನೋ ಅಂದು ಹೊರಗೆ ಬಂದೆ.

ಗೇಟಿನ ಆಚೆ ಪಬ್ಲಿಕ್ ಫೋನ್ ಇತ್ತು. ನೀವು ಜುರಾಂಗಿನ ಫ್ಲಾಟಿಗೆ ಸೋಮವಾರ ಸಹಿ ಹಾಕುವವರಿದ್ದಿರಿ, ಅದು ನನಗೆ ಗೊತ್ತಿತ್ತು. ಇನ್ನೂ ಹೊತ್ತು ಮೀರಿರಲಿಲ್ಲ. ಹುಡುಗರ ಕಥೆ ಸುಳ್ಳು ಎಂದು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ಪೊಲೀಸರು ಬಂದು ಓಡಿಸಿದರಂತೆ ಅಂದಿದ್ದರೆ ಸಾಕಿತ್ತು. ಹೇಳಬೇಕೆಂದೇ ನಾಣ್ಯ ಹಾಕಿದೆ — ಇದನ್ನು ನಂಬುತ್ತೀಯೋ ಇಲ್ಲವೋ. ನಿನ್ನ ಆಫೀಸಿನವರು ಕರೆದು ಕೊಟ್ಟರು.

"ಮೇಘನಾಗೆ ಸಿಕ್ತು," ಅಂದೆ.

"ಅಬ್ಬ, ಒಳ್ಳೇದಾಯ್ತು ಅಕ್ಕ. ಬ್ಯಾಲೆಟ್‌ನಲ್ಲಿ ಹೆಸ್ರು ಬಂತಾ?"

ನಿನ್ನ ದನಿಯಲ್ಲಿ ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ. ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದದ್ದು ಬೇಲಿಯ ಹಲಗೆ, ಅದನ್ನು ಗಳಗಳ ಓದುತ್ತಿದ್ದ ನಿನ್ನ ಮಗಳು, ಪಕ್ಕದಲ್ಲಿ ಪೆಚ್ಚಾಗಿ ನಿಂತ ನನ್ನ ಮಗಳು. ಇವರಿಬ್ಬರೂ ಒಂದೇ ಕ್ಲಾಸಿನಲ್ಲಿ ಕೂತರೆ ಪ್ರತಿ ಪರೀಕ್ಷೆಗೂ ಇದೇ ಆಗುತ್ತದೆ. ಪ್ರತಿ ಹಬ್ಬದ ಊಟದಲ್ಲೂ ಜನ ಕೇಳುತ್ತಾರೆ, ನಿಧಿಗೆ ಎಷ್ಟು, ಮೇಘನಾಗೆ ಎಷ್ಟು.

"ಹೂಂ, ಬಂತು," ಅಂದೆ.

"ನಿಮ್ಮ ಪುಣ್ಯ. ನಾವು ಹಾಕಿದ್ರೂ ನಮಗೆ ಸಿಗ್ತಿರ್ಲಿಲ್ವೇನೋ, ಬಿಡಿ," ಅಂದೆ ನೀನು.

ಫೋನಿಟ್ಟೆ. ಆಗ ನನಗೆ ಗೊತ್ತಾಯಿತು ಸುಮನಾ, ಸೀಟಿನ ಭಯ ನಾನು ನನಗೇ ಹೇಳಿಕೊಂಡ ಕಾರಣ ಎಂದು. ಆ ಕಾರಣ ಕೌಂಟರಿನಲ್ಲೇ ಬಿದ್ದುಹೋಯಿತಲ್ಲ. ಅದು ಬಿದ್ದ ಮೇಲೂ ನಾನು ಸುಳ್ಳು ಹೇಳಿದೆ. ಆರು ವರ್ಷದ ಮಗುವಿನ ಮೇಲೆ — ನನ್ನನ್ನು ಆಂಟಿ ಆಂಟಿ ಎಂದು ಸುತ್ತಿಕೊಂಡು ಬರುತ್ತಿದ್ದ ಮಗುವಿನ ಮೇಲೆ — ನನಗೆ ಹೊಟ್ಟೆಕಿಚ್ಚು. ಬಸ್ಸು ಹತ್ತಿದೆ. ಇವಳ್ಯಾರು, ಇಂಥವಳೂ ನನ್ನೊಳಗೆ ಇದ್ದಳಾ ಎಂದು ದಂಗಾಗಿ ಕೂತಿದ್ದೆ. ಇಳಿಯುವ ಸ್ಟಾಪು ದಾಟಿಹೋಗಿದ್ದೂ ತಿಳಿಯಲಿಲ್ಲ.

ನೀವು ಜುರಾಂಗಿಗೆ ಶಿಫ್ಟ್ ಆದಿರಿ. ಅಲ್ಲಿಂದ ಟೋವಾ ಪಾಯೋದ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ನಿನಗೆ ಕತ್ತಲಾಗುತ್ತಿತ್ತು. ನಿಧಿಗೆ ಮಧ್ಯಾಹ್ನದ ಪಾಳಿ ಬಂತು; ಬೆಳಿಗ್ಗೆಯೆಲ್ಲ ಮಗು ಒಂಟಿಯಾಗಿ ಮನೆಯಲ್ಲಿ. ಕೆಲವು ತಿಂಗಳು ಹೇಗೋ ಎಳೆದಾಡಿ, ಕೊನೆಗೆ ನೀನು ಕೆಲಸ ಬಿಟ್ಟೆ. ಇಡೀ ಅಕೌಂಟ್ಸ್ ವಿಭಾಗ ನಿನ್ನ ಕೈಗೆ ಬರುವುದರಲ್ಲಿತ್ತು. ನೀನು ಆಫೀಸಿಗೆ ಹೋಗುವವಳು ಎಂಬುದನ್ನೇ ಹಿಡಿದು ನಾನು ನಿನ್ನನ್ನು ಹೆದರಿಸಿದ್ದು. ಕಡೆಗೆ ಆ ಆಫೀಸೂ ನಿನಗೆ ಉಳಿಯಲಿಲ್ಲ. ಫೋನಿನಲ್ಲಿ ನೀನು, "ಎಂಥ ಮಾಡುದು ಅಕ್ಕ, ಮಗು ಮುಖ್ಯ ಅಲ್ವಾ," ಎಂದು ನಕ್ಕೆ. ನಾನೂ ನಕ್ಕೆ. ಹೌದು, ನಕ್ಕೆ.

ನನ್ನ ಮೇಘನಾಳ ಕಥೆ ನಿನಗೆ ಯಾವತ್ತೂ ಹೇಳಲಿಲ್ಲ. ಶಾಲೆ ಶುರುವಾದ ಮೊದಲ ವಾರವೇ ಆಫೀಸಿನಿಂದ ಫೋನ್ ಬಂತು, ಬದಲಿ ಬಟ್ಟೆ ತನ್ನಿ ಅಂತ. ಹೋಗಿ ನೋಡಿದರೆ ಒದ್ದೆ ಸ್ಕರ್ಟಿನಲ್ಲಿ ಮೂಲೆಯ ಕುರ್ಚಿಯ ಮೇಲೆ ಕೂತಿದ್ದಳು. ಕೇಳಲು ಬಾಯಿ ಬಂದಿರಲಿಲ್ಲ. ಮಕ್ಕಳು ನಕ್ಕಿದ್ದರು. ಟೀಚರು ಒಳ್ಳೆಯವಳು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ಕಿಂಡರ್‌ಗಾರ್ಟನ್ ಗೆಳತಿಯರು ಯಾರಾದರೂ ಈ ಶಾಲೆಗೆ ಬಂದಿದ್ದಾರಾ, ಇದ್ದರೆ ಪಕ್ಕದಲ್ಲಿ ಕೂರಿಸುತ್ತೇನೆ ಎಂದು ಕೇಳಿದಳು.

ನಾನು ತಲೆಯಾಡಿಸಿದೆ, ಇಲ್ಲ ಅಂತ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಮೇಘನಾ ಒಂದೇ ಕೇಳಿದಳು, ನಿಧಿ ಯಾಕೆ ಬರಲಿಲ್ಲ ಅಂತ. ಅವರಪ್ಪಂಗೆ ಅಲ್ಲೇ ಹತ್ರ ಅಂದೆ. ಸ್ಕರ್ಟ್ ಒದ್ದೆಯಾಗುವುದು ಆಗಾಗ ಮರುಕಳಿಸಿತು, ಬಹಳ ದಿನ. ಇಡೀ ವರ್ಷ ನನ್ನ ಕೈಚೀಲದಲ್ಲಿ ಮಗಳ ಇನ್ನೊಂದು ಸ್ಕರ್ಟ್ ಇರುತ್ತಿತ್ತು. ಅದನ್ನು ಶಿಕ್ಷೆ ಅನ್ನೋಣವೆಂದರೆ, ಅನುಭವಿಸಿದವಳು ಅವಳು, ನಾನಲ್ಲ.

ಇನ್ನೊಂದಿದೆ. ಮರುವರ್ಷದ ಯುಗಾದಿ ಊಟದಲ್ಲಿ, ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು — ಹಾಸನದ ಕಡೆಯವಳು, ಎಳೆಗೂಸಿನ ತಾಯಿ — ನನ್ನ ಪಕ್ಕದಲ್ಲಿ ಎಲೆಗೆ ಕೂತಿದ್ದಳು. ಎಲ್ಲಿ ಮನೆ ಮಾಡುತ್ತಿದ್ದೀರಿ ಎಂದು ಅಭ್ಯಾಸಬಲದಿಂದ ಕೇಳಿದೆ. ಅವಳು ದನಿ ತಗ್ಗಿಸಿ, "ಬಿಶಾನ್ ಕಡೆ ಕಾಲುವೆ ಹತ್ರದ ಸ್ಕೂಲ್ ಮಾತ್ರ ಬೇಡ ಆಂಟಿ. ಅಲ್ಲಿ ಗ್ಯಾಂಗ್ ಇದೆಯಂತೆ, ಸಣ್ಣ ಹುಡುಗೀನ ತಳ್ಳಿ ಬ್ಯಾಗ್ ಕಿತ್ಕೊಂಡು, ಮಗೂಗೆ ತಲೆಗೆ ಏಟಾಗಿ ರಕ್ತ ಬಂತಂತೆ," ಅಂದಳು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಾನು ಹುಟ್ಟಿಸಿದ ಮಗುವಿಗೆ ರಕ್ತ ಬರುವಷ್ಟು ಜೀವ ಬಂದಿತ್ತು. ಯಾರು ಹೇಳಿದರು ಎಂದೆ. ಸುಮನಾ ಅವರು ಅಂದಳು; ಅವರಿಗೆ ಬಹಳ ಬೇಕಾದವರೊಬ್ಬರು ಕಣ್ಣಾರೆ ನೋಡಿದ್ದಂತೆ, ಹೆಸರು ಮಾತ್ರ ಕೇಳಬೇಡಿ ಅಂದರು, ಅವರು ಅಲ್ಲೇ ಇರುವುದರಿಂದ ತೊಂದರೆ ಆಗಬಾರದು ಅಂತ. ಆ ರಕ್ತವನ್ನು ಯಾರು ಸೇರಿಸಿದರೋ, ನೀನಲ್ಲ ಎಂದು ನನಗೆ ಗೊತ್ತು. ನೀನು ನನ್ನ ಹೆಸರನ್ನು ಕಾಪಾಡಿದ್ದೆ, ಅಷ್ಟೆ. ಪಾಯಸ ಬಂತು. ಹಾಕಿಸಿಕೊಂಡೆ. ಆ ಹುಡುಗಿಗೆ ಇಲ್ಲಮ್ಮ, ಅದು ಸುಳ್ಳು ಅನ್ನಲಿಲ್ಲ.

ಅವತ್ತಿನಿಂದ ಯಾರು ಕೇಳಿದರೂ ಏರಿಯಾ ಹೇಳುವುದನ್ನು ಬಿಟ್ಟೆ. ವಯಸ್ಸಾಯಿತು, ಈಗ ನನಗೇನೂ ಗೊತ್ತಾಗಲ್ಲ ಅನ್ನುತ್ತಿದ್ದೆ. ಅದನ್ನೇ ಪ್ರಾಯಶ್ಚಿತ್ತ ಅಂದುಕೊಂಡಿದ್ದೆ, ನೋಡು ಎಷ್ಟು ಅಗ್ಗ. ನಿನಗೆ ಫೋನ್ ಮಾಡುವುದೂ ಕಡಿಮೆಯಾಯಿತು. ನಿಧಿ ಭಾನುವಾರಗಳಂದು ಮೇಘನಾಗೆ ಫೋನ್ ಮಾಡುತ್ತಿದ್ದಳು. ಇವಳಿಗೆ ನಿಧಾನವಾಗಿ ಬೇರೆ ಗೆಳತಿಯರು ಸಿಕ್ಕಿ, ಆಮೇಲಾಮೇಲೆ ಕರೆದರೂ ಫೋನಿಗೆ ಬರುತ್ತಿರಲಿಲ್ಲ. ಅವಳು ಮಲಗಿದ್ದಾಳೆ ಪುಟ್ಟಾ ಎಂದು ನಾನೇ ಹೇಳುತ್ತಿದ್ದೆ. ಅದೂ ಸುಳ್ಳು.

ಈಗ ಮೊನ್ನೆಯ ಭಾನುವಾರಕ್ಕೆ ಬರುತ್ತೇನೆ.

"ಆಂಟಿ, ನಿಧಿ ಮಾತಾಡ್ತಿರೋದು. ಬ್ಯುಸಿನಾ?" ಅದೇ ದನಿ, ಅದೇ ಅವಸರ. ಅವಳ ಮಗಳಿಗೆ ಮುಂದಿನ ವರ್ಷ ಒಂದನೇ ಕ್ಲಾಸಂತೆ. ಫ್ಲಾಟ್ ಹುಡುಕುತ್ತಿದ್ದಾರಂತೆ. "ಬಿಶಾನ್‌ನಲ್ಲಿ ಒಂದು ನೋಡಿದ್ವಿ, ಆ ಕಾಲುವೆ ಪಕ್ಕದ ಸ್ಕೂಲಿಗೆ ತುಂಬಾ ಹತ್ರ. ನಂಗೆ ಒನ್-ನಾರ್ತ್ ಆಫೀಸಿಗೂ ಒಂದೇ ಟ್ರೈನ್. ಎಲ್ಲಾ ಇಷ್ಟ ಆಯ್ತು ಆಂಟಿ. ಅಮ್ಮ ಮಾತ್ರ ಬೇಡವೇ ಬೇಡ ಅಂತಾರೆ. ಅದೊಂದು ಸ್ಕೂಲ್ ಬಿಟ್ಟು ಎಲ್ಲಾದ್ರೂ ಹೋಗು ಅಂತಾರೆ. ಯಾಕಮ್ಮಾ ಅಂದ್ರೆ ವಸಂತಾ ಆಂಟಿನ ಕೇಳು, ಅವರು ನೋಡದೆ ಹೇಳೋರಲ್ಲ ಅಂದ್ರು. ಅಲ್ಲೊಂದು ಚಿಕ್ಕ ಹುಡುಗಿಗೆ ಏನೋ ಆಗಿತ್ತಂತಲ್ಲ? ನೀವೇ ನೋಡಿದ್ರಂತೆ?"

ಅವಳು ಮುಂದುವರಿಸಿದಳು.

"ಆ ಹುಡುಗಿ ಆಮೇಲೆ ಏನಾದ್ಲು ಆಂಟಿ? ಅಮ್ಮ ಈಗ್ಲೂ ಒಮ್ಮೊಮ್ಮೆ ಹೇಳ್ತಾರೆ, ಆ ಮಗು ಏನಾಯ್ತೋ ಅಂತ. ಪಾಪ, ಆಮೇಲೆ ಸ್ಕೂಲಿಗೆ ಹೋದ್ಲಾ?"

ಸುಮನಾ, ಆ ಇಲ್ಲದ ಮಗುವಿಗಾಗಿ ನೀನು ಇಷ್ಟು ವರ್ಷ ಮರುಗಿದ್ದೀಯ. ನನಗೆ ಇದು ಹೊಳೆದೇ ಇರಲಿಲ್ಲ. ನಾನು ಆ ಸುಳ್ಳನ್ನು ಹೇಳಿ ಕೈ ತೊಳೆದುಕೊಂಡೆ. ನೀನು ಅದನ್ನು ಮನೆಗೆ ಒಯ್ದು, ಒಂದು ಮಗುವೆಂದು ತಿಳಿದು, ಅದರ ಕ್ಷೇಮ ಯೋಚಿಸುತ್ತಾ ಕೂತೆ. ಆ ಹುಡುಗಿ ನೀನೇ ಕಣೇ ನಿಧಿ, ಕಿತ್ತುಕೊಂಡವಳು ನಾನು — ಬಾಯಿತನಕ ಬಂತು. ಆದರೆ ಅದನ್ನು ನಿನಗಿಂತ ಮೊದಲು ಅವಳಿಗೆ ಹೇಳಿದರೆ ನಿನಗೆ ಇನ್ನೊಂದು ಅನ್ಯಾಯ ಮಾಡಿದಂತೆ.

"ನಿಧಿ, ಆ ಫ್ಲಾಟ್ ಬಿಡಬೇಡ," ಅಂದೆ. "ಆ ಸ್ಕೂಲ್ ಒಳ್ಳೇದು. ಆವಾಗಲೂ ಒಳ್ಳೇದೇ ಇತ್ತು. ಯಾವ ಹುಡುಗಿಗೂ ಅಲ್ಲಿ ಏನೂ ಆಗಿಲ್ಲ."

"ಹಾಂ? ಮತ್ತೆ ಅಮ್ಮ..."

"ಅಮ್ಮಂಗೆ ನಾನೇ ಬಂದು ಹೇಳ್ತೀನಿ."

ನಾಳೆ ಬೆಳಿಗ್ಗೆ ಜುರಾಂಗಿಗೆ ಬರುತ್ತೇನೆ. ಇದನ್ನೆಲ್ಲ ಬರೆದದ್ದು ನಿನಗೆ ಕಳಿಸಿ ಮನೆಯಲ್ಲಿ ಬಚ್ಚಿಟ್ಟುಕೊಳ್ಳುವುದಕ್ಕಲ್ಲ. ನಿನ್ನೆದುರು ಕೂತಾಗ ಮಾತು ತಪ್ಪಿಸಿಕೊಳ್ಳದಿರಲಿ ಅಂತ. ಬಾಯಲ್ಲೇ ಮಾಡಿದ್ದು, ಬಾಯಲ್ಲೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಳ್ಳಬಹುದು. ಇನ್ನೊಂದು ಸಲ ಅಕ್ಕ ಅನ್ನದಿರಬಹುದು. ಕ್ಷಮಿಸು ಎಂದು ಕೇಳಲಾರೆ — ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು, ಅದರ ಲಾಭವನ್ನು ಒಮ್ಮೆ ಪಡೆದದ್ದು ಸಾಕು.

ನಿಜವಾಗಲೂ ನೋಡಿದಿರಾ ಎಂದು ನೀನು ಆವತ್ತು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇನ್ನೂ ಬಾಕಿ ಇದೆ. ಆ ಶಾಲೆಯ ಹತ್ತಿರ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ನಿಧಿ ಹಲಗೆ ಓದಿ ಮುಗಿಸಿದಳು, ಮೇಘನಾ ಮೊದಲನೆಯ ಅಕ್ಷರದಲ್ಲೇ ನಿಂತಳು, ಅವಳ ಕಣ್ಣಲ್ಲಿ ನೀರು ಬಂತು. ಆಗ ನಿಧಿ ಅವಳ ಬೆರಳು ಹಿಡಿದು ಬೇಲಿಯ ಕಂಬಿಗಳ ನಡುವೆ ತೂರಿಸಿ, ಒಂದೊಂದೇ ಅಕ್ಷರದ ಮೇಲೆ ಇಡಿಸುತ್ತಾ, "ಇದು ಹೇಳು ಮೇಘು, ಈಗ ಇದು," ಎಂದು ಕೊನೆಯತನಕ ಓದಿಸಿದಳು. ಎಷ್ಟು ಹೊತ್ತಾದರೂ ಬಿಡಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.